ಹನ್ನೆರಡನೆಯ ಅಂಗಿ ಯಾರದು? ಫೆಯೆನೋರ್ಡ್ ಕ್ಲಬ್ಬಿನ ಬಗ್ಗೆ ಮಾತುಕತೆ

ಹೊಳೆದಂಡೆ:
ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಫುಟ್‌ಬಾಲ್ ಹುಚ್ಚನಲ್ಲ. ಶಿವಮೊಗ್ಗದ ಕಡೆಯವನು, ಬೆಳೆದದ್ದು ಟೆನಿಸ್ ಚೆಂಡಿನ ಕ್ರಿಕೆಟ್‌ನಲ್ಲಿ. ಕೆಲಸದ ದೆಸೆಯಿಂದ ರೋಟರ್‌ಡ್ಯಾಮಿಗೆ ಬಂದು, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಮಾಸ್ ನದಿಯ ದಕ್ಷಿಣ ದಂಡೆಯಲ್ಲಿ ಮನೆ ಹಿಡಿದೆ. ಎರಡನೆಯ ಭಾನುವಾರವೇ ಕಿಟಕಿಯ ಗಾಜು ಅದುರಿತು. ಗುಡುಗು ಎಂದುಕೊಂಡು ಒಣಹಾಕಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಓಡಿದೆ. ನೋಡಿದರೆ ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಪಕ್ಕದ ಮನೆಯ ಅಜ್ಜ, ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು, ತಮ್ಮ ಬಾಲ್ಕನಿಯಿಂದ ಒಂದು ಬೆರಳೆತ್ತಿ ತೋರಿಸಿದರು. ಒಂದು ಗೋಲು.

ಆ ಸದ್ದು ಬಂದದ್ದು ಫೆಯೆನೋರ್ಡ್ ಮೈದಾನದಿಂದ. ಅರ್ಧ ಕೆಂಪು, ಅರ್ಧ ಬಿಳಿ ಅಂಗಿ, ಕಪ್ಪು ಚಡ್ಡಿಯ ತಂಡ. 12ನೇ ಸಂಖ್ಯೆಯ ಅಂಗಿಯನ್ನು ಈ ಕ್ಲಬ್ಬು ಯಾವ ಆಟಗಾರನಿಗೂ ಕೊಡುವುದಿಲ್ಲ, ಅದು ಅಭಿಮಾನಿಗಳಿಗೆ ಮೀಸಲು. ಅಭಿಮಾನಿಗಳನ್ನು ಇಲ್ಲಿ ‘ಹೆಟ್ ಲೆಜಿಯೂನ್’ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ದಂಡು. ಬಾರ್ಸಿಲೋನಾ, ಲಿವರ್‌ಪೂಲ್ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಮಾತು ಸಿಗುತ್ತದೆ. ಈ ದಂಡಿನ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಮೂಲೆಯೊದೆತ:
ಇದ್ದೇನೆ, ಆದರೆ ತಿಳಿದವನಾಗಿ ಅಲ್ಲ, ಕೇಳುವವನಾಗಿ. ಮೊದಲ ಪ್ರಶ್ನೆ: ಹೆಸರನ್ನು ಹೇಗೆ ಓದುವುದು? ಒಂದು ಪತ್ರಿಕೆಯಲ್ಲಿ ಫೆಯೆನೂರ್ಡ್, ಇನ್ನೊಂದರಲ್ಲಿ ಫೇನೂರ್ಡ್.

ಹಳೆಯ ರೇಡಿಯೊ:
ಪೇಚಾಡುತ್ತಿರುವುದು ನೀವೊಬ್ಬರೇ ಅಲ್ಲ, ಕ್ಲಬ್ಬೇ ಈ ಪೇಚಿಗೆ ಸಿಕ್ಕಿ ಕಾಗುಣಿತ ಬದಲಿಸಿಕೊಂಡಿತು. 1908ರ ಜುಲೈ 19ರಂದು ಒಂದು ಪಬ್ಬಿನಲ್ಲಿ ಹುಟ್ಟಿದಾಗ ಇದರ ಹೆಸರು ವಿಲ್ಹೆಲ್ಮಿನಾ, ರಾಣಿಯ ಹೆಸರು. ಆಮೇಲೆ ಎರಡು ಸಲ ಹೆಸರು ಬದಲಾಗಿ, 1912ರಲ್ಲಿ ಬಡಾವಣೆಯ ಹೆಸರೇ ಕ್ಲಬ್ಬಿಗೆ ನಿಂತಿತು. ಡಚ್ಚರು ಅದನ್ನು ‘ಐ’ ಮತ್ತು ‘ಜೆ’ ಜೋಡಿಸಿ ಬರೆಯುತ್ತಿದ್ದರು. ಯುರೋಪಿನಲ್ಲಿ ಗೆಲ್ಲತೊಡಗಿದ ಮೇಲೆ ಹೊರದೇಶದವರ ನಾಲಿಗೆ ಆ ಜೋಡಿಯ ಮೇಲೆ ಎಡವುತ್ತಿದೆ ಎಂದು 1974ರಲ್ಲಿ ಅದನ್ನು ‘ವೈ’ ಮಾಡಿದರು. ಹಾಗೆ ಬದಲಾದದ್ದು ಕ್ಲಬ್ಬು ಮಾತ್ರ. ಬಡಾವಣೆ ಹಳೆಯ ಕಾಗುಣಿತದಲ್ಲೇ ಇದೆ, ಕ್ರೀಡಾಂಗಣವೂ ಹಳೆಯದರಲ್ಲೇ ಇದೆ. ಡಚ್ ಭಾಷೆಯಲ್ಲಿ ಎರಡು ‘ಓ’ ಸೇರಿದರೆ ದೀರ್ಘ ‘ಓ’, ‘ಊ’ ಅಲ್ಲ. ಆದ್ದರಿಂದ ‘ನೋರ್ಡ್’ ಸರಿ. ಕೊನೆಯ ಅಕ್ಷರ ಅವರ ಬಾಯಲ್ಲಿ ‘ತ್’ ಆಗುತ್ತದೆ, ಅಷ್ಟು ಕಟ್ಟುನಿಟ್ಟು ನಮಗೆ ಬೇಡ.

ಅಂಕಿಪ್ರಿಯ:
ಹೆಸರು ಹೇಗಾದರೂ ಬರೆಯಿರಿ, ಲೆಕ್ಕ ಮಾತ್ರ ಸರಿಯಾಗಿರಲಿ. ಆಮ್‌ಸ್ಟರ್‌ಡ್ಯಾಮಿನ ಅಯಾಕ್ಸ್ ಕ್ಲಬ್ಬು 36 ಸಲ ದೇಶದ ಲೀಗ್ ಗೆದ್ದಿದೆ, ಫೆಯೆನೋರ್ಡ್ 16 ಸಲ. 1974ರ ನಂತರ ನೋಡಿದರೆ 1984, 1993, 1999, 2017, 2023. ಅರ್ಧ ಶತಮಾನಕ್ಕೆ ಐದು! (ನಾನು ಯಾರ ಪಕ್ಷ ಎಂದು ಗೊತ್ತಾಗಿರಬೇಕು.)

ಹೊಳೆದಂಡೆ:
ಗೊತ್ತಾಯಿತು, ಆಮ್‌ಸ್ಟರ್‌ಡ್ಯಾಮಿನ ಗಾಳಿ ಇಲ್ಲಿಯವರೆಗೆ ಬೀಸುತ್ತಿದೆ. ನಿಮ್ಮ ಪಟ್ಟಿಯಲ್ಲೇ ನನ್ನ ಉತ್ತರವೂ ಇದೆ. 1999ರಲ್ಲಿ ಹುಟ್ಟಿದ ಮಗುವಿಗೆ ಮುಂದಿನ ಪಟ್ಟ ಕಾಣುವ ಹೊತ್ತಿಗೆ ಮತದಾನದ ಹಕ್ಕು ಬಂದಿತ್ತು. ಆ ಹದಿನೆಂಟು ವರ್ಷ ಈ ಕ್ರೀಡಾಂಗಣ ಖಾಲಿ ಬಿದ್ದಿರಲಿಲ್ಲ. 2010ರ ಅಕ್ಟೋಬರ್ 24ರಂದು ಐಂಡ್‌ಹೋವನ್ನಿನ ಪಿಎಸ್‌ವಿ ಕ್ಲಬ್ಬಿನ ಎದುರು 10-0 ಅಂತರದಲ್ಲಿ ಸೋತದ್ದು, ಅದೂ ಸಾಲದಲ್ಲಿ ಮುಳುಗಿ ಕ್ಲಬ್ಬು ದಿವಾಳಿಯ ಅಂಚಿನಲ್ಲಿದ್ದ ವರ್ಷ. ಪಕ್ಕದ ಮನೆಯ ಅಜ್ಜನನ್ನು ಆ ದಿನದ ಬಗ್ಗೆ ಕೇಳಿದ್ದೆ. ಕಾಫಿ ಲೋಟ ಕೆಳಗಿಟ್ಟು, ‘ಹತ್ತನೆಯದು ಆಫ್‌ಸೈಡ್’ ಎಂದರು. ಆಮೇಲೆ ಅವರೇ ನಕ್ಕರು. ಆಗಿರಲಿಲ್ಲ.

ಮೂಲೆಯೊದೆತ:
ಹಾಗಾದರೆ ಗೆದ್ದದ್ದೇನು? ಇವರು ಯುರೋಪಿನ ಕಪ್ ಗೆದ್ದಿದ್ದರು ಎಂದು ಎಲ್ಲೋ ಓದಿದ ನೆನಪು.

ಹಳೆಯ ರೇಡಿಯೊ:
ಗೆದ್ದರು, ಅಯಾಕ್ಸ್‌ಗಿಂತ ಮೊದಲೇ ಗೆದ್ದರು. ಅಂಕಿಪ್ರಿಯರು ಈ ಅಂಕಿಯನ್ನು ಮರೆತದ್ದು ಆಕಸ್ಮಿಕ ಎಂದೇ ತಿಳಿಯುತ್ತೇನೆ. 1970ರ ಮೇ 6, ಮಿಲಾನಿನ ಸಾನ್ ಸಿರೊ ಕ್ರೀಡಾಂಗಣ. ಎದುರಿಗೆ ಸ್ಕಾಟ್ಲೆಂಡಿನ ಸೆಲ್ಟಿಕ್, ಮೂರು ವರ್ಷದ ಹಿಂದೆ ಇದೇ ಕಪ್ ಗೆದ್ದಿದ್ದ ತಂಡ. ಎಲ್ಲರ ಎಣಿಕೆಯಲ್ಲಿ ಗೆಲುವು ಅವರದೇ. ಮೊದಲ ಗೋಲೂ ಅವರದೇ, ಗೆಮ್ಮೆಲ್ ಹೊಡೆದದ್ದು. ಎರಡೇ ನಿಮಿಷದಲ್ಲಿ ನಾಯಕ ರಿನುಸ್ ಇಸ್ರಾಯೆಲ್ ತಲೆಯಿಂದ ಸಮ ಮಾಡಿದ. ಆಮೇಲೆ ಆಟ ಹೆಚ್ಚುವರಿ ಸಮಯಕ್ಕೆ ಎಳೆಯಿತು. 117ನೇ ನಿಮಿಷದಲ್ಲಿ ಸ್ವೀಡನ್ನಿನ ಓವೆ ಕಿಂಡ್ವಾಲ್ ಗೋಲ್‌ಕೀಪರನ ಮೇಲಿಂದ ಚೆಂಡನ್ನು ದಾಟಿಸಿದ. ನೆದರ್ಲೆಂಡ್ಸಿಗೆ ಮೊದಲ ಯುರೋಪಿಯನ್ ಕಪ್ ಬಂದದ್ದು ಹೀಗೆ. ದಂತಕಥೆಯಾದ ಆಟಗಾರ ಕ್ರೈಫ್ ಇದ್ದ ಅಯಾಕ್ಸ್ ಗೆಲ್ಲತೊಡಗಿದ್ದು ಮರುವರ್ಷದಿಂದ.

ತರಬೇತುದಾರ ಆಸ್ಟ್ರಿಯಾದ ಎರ್ನ್‌ಸ್ಟ್ ಹಾಪೆಲ್. ಗುಮ್ಮನಗುಸುಕನಂಥ ಮನುಷ್ಯ, ಆದರೆ ಆಟದ ಕಣ್ಣು ಗಿಡುಗನದು. ಆ ಋತುವಿನಲ್ಲಿ ಗೋಲ್ ಕಾದದ್ದು ಹೆಚ್ಚಾಗಿ ಎಳೆಯ ಎಡ್ಡಿ ಟ್ರೈಟೆಲ್. ಫೈನಲ್ ಬಂತು ನೋಡಿ, ಹಾಪೆಲ್ ಅವನನ್ನು ಕೂರಿಸಿ ಹಿರಿಯ ಪೀಟರ್ಸ್ ಗ್ರಾಫ್‌ಲಾಂಡನನ್ನು ಇಳಿಸಿದ. ನಾನಾಗಿದ್ದರೆ ಮಾಡುತ್ತಿರಲಿಲ್ಲ. ಅದಕ್ಕೇ ನಾನು ಹಾಪೆಲ್ ಅಲ್ಲ.

ಹೊಳೆದಂಡೆ:
ಆ ವರ್ಷದ ಸೆಪ್ಟೆಂಬರ್ ಕಥೆಯನ್ನೂ ಹೇಳಿ, ಕನ್ನಡಕದ್ದು.

ಹಳೆಯ ರೇಡಿಯೊ:
ಯುರೋಪ್ ಮತ್ತು ದಕ್ಷಿಣ ಅಮೆರಿಕದ ಚಾಂಪಿಯನ್ನರು ಸೆಣಸುವ ಖಂಡಾಂತರ ಕಪ್ಪಿಗೆ ಅರ್ಜೆಂಟೀನಾದ ಎಸ್ತುದಿಯಾಂತೆಸ್ ಜತೆ ಎರಡು ಪಂದ್ಯ. ಬ್ಯೂನಸ್ ಐರಿಸ್‌ನಲ್ಲಿ 2-2. ರೋಟರ್‌ಡ್ಯಾಮಿನಲ್ಲಿ ಬದಲಿ ಆಟಗಾರನಾಗಿ ಇಳಿದ ಯೋಪ್ ವಾನ್ ಡಾಲೆ ದೂರದಿಂದ ಹೊಡೆದ ಗೋಲು ಒಂದೇ ಆ ರಾತ್ರಿಯ ಗೋಲು. ಅವನು ಕನ್ನಡಕ ಹಾಕಿಕೊಂಡು ಆಡುತ್ತಿದ್ದ. ಗೋಲಿನ ಬೆನ್ನಿಗೇ ಎದುರಾಳಿಗಳು ಆ ಕನ್ನಡಕ ಕಿತ್ತುಕೊಂಡು ಪುಡಿಮಾಡಿದರು. ಮುಂದೆ ಅದರ ಮೇಲೊಂದು ಹಾಡೂ ಹುಟ್ಟಿತು. ವಿಶ್ವ ಚಾಂಪಿಯನ್ನರ ಊರಿನಲ್ಲಿ ಜನ ಹಾಡಿದ್ದು ಕಪ್ಪಿನ ಬಗ್ಗೆ ಅಲ್ಲ, ಒಡೆದ ಕನ್ನಡಕದ ಬಗ್ಗೆ!

ಮೂಲೆಯೊದೆತ:
ಈ ಊರು ನನಗೆ ಹಿಡಿಸತೊಡಗಿದೆ.

ಅಂಕಿಪ್ರಿಯ:
ಒಪ್ಪಿದೆ, 1970 ನಿಮ್ಮದು. ನಾನೂ ಒಂದು ಕಥೆ ಹೇಳುತ್ತೇನೆ, ಪಕ್ಷಪಾತವಿಲ್ಲದೆ. 1983ರಲ್ಲಿ ಅಯಾಕ್ಸ್ ಯೊಹಾನ್ ಕ್ರೈಫ್‌ಗೆ ಹೊಸ ಒಪ್ಪಂದ ಕೊಡಲಿಲ್ಲ. ವಯಸ್ಸಾಯಿತು ಎಂಬುದು ಅವರ ಲೆಕ್ಕ. ಮುನಿಸಿಕೊಂಡ ಕ್ರೈಫ್ ನೇರವಾಗಿ ಬದ್ಧ ವೈರಿಯ ಮನೆಗೆ ಹೋಗಿ ಕೆಂಪು ಬಿಳಿ ಅಂಗಿ ತೊಟ್ಟ. ಸೆಪ್ಟೆಂಬರಿನಲ್ಲಿ ಹಳೆಯ ಮನೆಯವರು 8-2 ಅಂತರದಲ್ಲಿ ಸೋಲಿಸಿದಾಗ ಅವನ ಕಥೆ ಮುಗಿಯಿತು ಎಂದರು. ಆ ಋತು ಮುಗಿದಾಗ ಲೀಗೂ ಫೆಯೆನೋರ್ಡಿನದು, ದೇಶದ ಕಪ್ಪೂ ಫೆಯೆನೋರ್ಡಿನದು. ಪಕ್ಕದಲ್ಲಿ ಎಳೆಯ ರೂಡ್ ಗುಲಿಟ್ ಆಡುತ್ತಿದ್ದ. ಮೂವತ್ತೇಳನೆಯ ವಯಸ್ಸಿನಲ್ಲಿ ಕ್ರೈಫ್ ಎರಡನ್ನೂ ಕೈಯಲ್ಲಿ ಹಿಡಿದು ಆಟಕ್ಕೆ ಶರಣು ಹೊಡೆದ. ಸೇಡು ಎಂದರೆ ಹೀಗಿರಬೇಕು. ನಮ್ಮ ಕ್ಲಬ್ಬಿನ ವಿರುದ್ಧವೇ ಆದರೂ ಹೇಳುತ್ತೇನೆ.

ಹೊಳೆದಂಡೆ:
ಇಲ್ಲಿನ ಹಿರಿಯರು ಆ ವರ್ಷದ ಮಾತು ಬಂದರೆ ಈಗಲೂ ಸ್ವಲ್ಪ ಮುಖ ತಿರುಗಿಸುತ್ತಾರೆ. ಪಟ್ಟ ಬೇಕು, ಆದರೆ ತಂದುಕೊಟ್ಟವನು ಅವನಾಗಬಾರದಿತ್ತು ಎಂಬ ಹಾಗೆ. ಅವರ ದೇವರು ಬೇರೆ, ಕೂನ್ ಮೌಲೈನ್. ಎಡಪಾರ್ಶ್ವದ ಆಟಗಾರ, 1955ರಿಂದ 1972ರವರೆಗೆ ಇದೇ ಕ್ಲಬ್ಬು. ಅವನ ಪ್ರತಿಮೆ ಕ್ರೀಡಾಂಗಣದ ಹೊರಗಿದೆ.

ಆ ಕ್ರೀಡಾಂಗಣದ ಬಗ್ಗೆ ಹೇಳಲೇಬೇಕು. ‘ದೆ ಕೌಪ್’ ಎಂದರೆ ಬಾನಿ. ನಮ್ಮ ಕೊಟ್ಟಿಗೆಯ ಕಲಗಚ್ಚಿನ ಬಾನಿಯನ್ನು ನೆನಪಿಸಿಕೊಳ್ಳಿ, ಆಕಾರ ಸರಿಸುಮಾರು ಅದೇ. 1937ರ ಮಾರ್ಚ್ 27ರಂದು ಬೆಲ್ಜಿಯಮ್ಮಿನ ಬೇರ್‌ಸ್ಕಾಟ್ ತಂಡವನ್ನು 5-2 ಅಂತರದಲ್ಲಿ ಸೋಲಿಸಿ ಗೃಹಪ್ರವೇಶವಾಯಿತು. ಅಧ್ಯಕ್ಷ ಲೇನ್ ವಾನ್ ಝಾಂಡ್‌ವ್ಲೀಟ್ ಕಂಡ ಕನಸು, ಬ್ರಿಂಕ್‌ಮನ್ ಮತ್ತು ವಾನ್ ಡರ್ ಫ್ಲುಖ್ಟ್ ಎಂಬ ವಾಸ್ತುಶಿಲ್ಪಿಗಳ ನಕ್ಷೆ. ಎದುರಿಗೆ ಕಂಬ ಅಡ್ಡ ಬಾರದಂತೆ ಮೇಲಿನ ಅಂತಸ್ತು ಗಾಳಿಯಲ್ಲಿ ಚಾಚಿಕೊಂಡಿದೆ. ಆ ಕಾಲಕ್ಕೆ ಇದು ಹೊಸದು, ಆದ್ದರಿಂದ ಭಯವೂ ಇತ್ತು. ಉದ್ಘಾಟನೆಗೆ ಮೊದಲು ನಿರುದ್ಯೋಗಿಗಳ ದೊಡ್ಡ ಗುಂಪೊಂದನ್ನು ಮೇಲೆ ನಿಲ್ಲಿಸಿ, ಕುಣಿಸಿ, ಉಕ್ಕು ತಡೆಯುತ್ತದೆಯೇ ಎಂದು ನೋಡಿದರು. ಕುಸಿದಿದ್ದರೆ ಯಾರ ಮನೆ ಹಾಳಾಗುತ್ತಿತ್ತು ಎಂದು ಯಾರೂ ಕೇಳಿದ ಹಾಗಿಲ್ಲ.

ಇಂದಿಗೂ ಮೇಲಿನ ಅಂತಸ್ತಿನವರು ಒಟ್ಟಿಗೆ ಹಾರಿದರೆ ಕಟ್ಟಡ ಅಲುಗಾಡುವುದು ಕಣ್ಣಿಗೆ ಕಾಣುತ್ತದೆ. ಮೊದಲ ಸಲ ನಾನು ಮುಂದಿನ ಕಂಬಿ ಹಿಡಿದುಕೊಂಡೆ. ಅಂಗೈಯಲ್ಲಿ ಕಂಬಿ ಮಿಡಿಯುತ್ತಿತ್ತು, ಕರುವಿನ ಗಂಗೆದೊಗಲು ಮುಟ್ಟಿದ ಹಾಗೆ.

ಕಹಿಬೇವು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬಾನಿ, ಕರು, ಕನ್ನಡಕ, ಎಲ್ಲ ಚಂದ. ಇನ್ನೊಂದು ಮುಖವನ್ನೂ ಹೇಳುತ್ತೀರಾ, ಇಲ್ಲ ನಾನೇ ಹೇಳಲೇ? 1997ರ ಮಾರ್ಚ್‌ನಲ್ಲಿ ಬೆವರ್‌ವೈಕ್ ಬಳಿ ಎರಡೂ ಕಡೆಯವರು ಹೊತ್ತು ಗೊತ್ತು ಮಾಡಿಕೊಂಡು ಹೊಡೆದಾಡಿ ಅಯಾಕ್ಸ್ ಕಡೆಯ ಒಬ್ಬ ಸತ್ತ. 2006ರಲ್ಲಿ ಫ್ರಾನ್ಸಿನ ನಾನ್ಸಿಯಲ್ಲಿ ದಾಂಧಲೆ ಎಬ್ಬಿಸಿ ಕ್ಲಬ್ಬನ್ನೇ ಯುರೋಪಿನ ಎರಡನೆಯ ದರ್ಜೆಯ ಪಂದ್ಯಾವಳಿ ಯುಇಎಫ್‌ಎ ಕಪ್ಪಿನಿಂದ ಹೊರಗೆ ಹಾಕಿಸಿದರು. 2015ರಲ್ಲಿ ರೋಮಿನ ಬಾರ್ಕಾಚ್ಚಾ ಕಾರಂಜಿಗೆ, ಶತಮಾನಗಳ ಹಳೆಯ ಕಲ್ಲಿಗೆ, ಗಾಯ ಮಾಡಿ ಬಂದರು. ಫೆಯೆನೋರ್ಡ್–ಅಯಾಕ್ಸ್ ಪಂದ್ಯಗಳಿಗೆ 2009ರಿಂದ ಎದುರಾಳಿ ಅಭಿಮಾನಿಗಳನ್ನೇ ಬಿಡುತ್ತಿಲ್ಲ. ಇದೂ ನಿಮ್ಮ ದಂಡೇ ಅಲ್ಲವೇ? ಅಥವಾ 12ನೇ ಅಂಗಿ ಒಳ್ಳೆಯ ದಿನಗಳಿಗೆ ಮಾತ್ರವೇ?

ಅಂಕಿಪ್ರಿಯ:
ನಮ್ಮ ಕಡೆಯವರೂ ಸಾಚಾ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ನಮ್ಮ ಮೈದಾನದಲ್ಲಿ 0-3 ಹಿಂದಿದ್ದಾಗ ನಮ್ಮವರೇ ಪಟಾಕಿ ಎಸೆದು ಪಂದ್ಯ ನಿಲ್ಲಿಸಿದರು. ಮೂರು ದಿನ ಬಿಟ್ಟು ಖಾಲಿ ಮೈದಾನದಲ್ಲಿ ಮುಗಿಸಿದಾಗ 0-4.

ಕಹಿಬೇವು:
ತೂಗಿ ನೋಡಲು ನಾನು ತಕ್ಕಡಿ ತಂದಿಲ್ಲ. ಹೊಳೆದಂಡೆಯವರನ್ನು ಕೇಳಿದ್ದು.

ಹೊಳೆದಂಡೆ:
ನಿಮ್ಮ ಪಟ್ಟಿಯಲ್ಲಿ ಅತಿ ಕೆಟ್ಟದ್ದು ಬಿಟ್ಟುಹೋಗಿದೆ. ಅದನ್ನು ನಾನೇ ಸೇರಿಸುತ್ತೇನೆ.

ಅಯಾಕ್ಸ್ ಅಭಿಮಾನಿಗಳು ತಮ್ಮನ್ನು ‘ಯಹೂದಿಗಳು’ ಎಂದು ಕರೆದುಕೊಳ್ಳುವ ರೂಢಿ ದಶಕಗಳಿಂದ ಇದೆ. ಅದಕ್ಕೆ ಉತ್ತರವೆಂದು ನಮ್ಮ ಗ್ಯಾಲರಿಯಿಂದ ನಾಜಿಗಳ ಗ್ಯಾಸ್ ಕೋಣೆಯ ಹಿಸ್ಸೆನ್ನುವ ಸದ್ದು ಬರುತ್ತದೆ. ಒಮ್ಮೆ ನನ್ನ ಹಿಂದಿನ ಸಾಲಿನಿಂದಲೇ ಬಂತು. ತಿರುಗಿ ನೋಡಿದೆ. ಹದಿನೈದು ಹದಿನಾರರ ಹುಡುಗ, ಪಕ್ಕದಲ್ಲಿ ಅಪ್ಪ. ಅಪ್ಪ ಫೋನು ನೋಡುತ್ತಿದ್ದ.

ಈಗ ಇದನ್ನು ಕೇಳಿ. ಫೆಯೆನೋರ್ಡ್ ಬಡಾವಣೆಯಲ್ಲೇ ಲೋಡ್ಸ್ 24 ಎಂಬ ಬಂದರಿನ ಉಗ್ರಾಣವಿತ್ತು. 1942ರ ಜುಲೈನಿಂದ ರೋಟರ್‌ಡ್ಯಾಮ್ ಮತ್ತು ಸುತ್ತಲಿನ ಯಹೂದಿಗಳನ್ನು ಅಲ್ಲಿ ಕೂಡಿಹಾಕಿ ಸಾವಿನ ಶಿಬಿರಗಳ ದಾರಿಯ ರೈಲಿಗೆ ಹತ್ತಿಸುತ್ತಿದ್ದರು. ಸುಮಾರು 12,000 ಜನ. ಈಗ ಅಲ್ಲಿ ಮಕ್ಕಳ ಸ್ಮಾರಕವಿದೆ, ಅದರ ಮೇಲೆ 686 ಹೆಸರು, ಪ್ರತಿಯೊಂದರ ಜತೆ ವಯಸ್ಸು. ನಾನು ಅಂಗಡಿಗೆ ಹೋಗುವ ದಾರಿ ಅದೇ. ಹಿಸ್ಸೆಂದ ಹುಡುಗನೂ ಅದೇ ದಾರಿಯಲ್ಲಿ ಬಂದಿರಬಹುದು. ಇಂಥ ಕೂಗು ಹಾಕಿ ಸಿಕ್ಕಿಬಿದ್ದವರನ್ನು ಆ ಜಾಗಕ್ಕೆ ಕರೆದೊಯ್ದು ತೋರಿಸುವ ಕೆಲಸವನ್ನು ಕ್ಲಬ್ಬು ಮಾಡುತ್ತಿದೆ. ಸಾಕೇ? ಸಾಲದು. ನಾನು ಅಂದು ಆ ಅಪ್ಪನಿಗೆ ಏನಾದರೂ ಹೇಳಿದೆನೇ? ಇಲ್ಲ. 12ನೇ ಅಂಗಿ ಎಲ್ಲ ದಿನಗಳಿಗೂ ಸೇರಿದ್ದು, ನನ್ನ ಆ ಮೌನಕ್ಕೂ.

ಕಹಿಬೇವು:
ಸರಿ. ಇಷ್ಟು ಹೇಳಿದ ಮೇಲೆ ಕನ್ನಡಕದ ಕಥೆಗಳನ್ನು ನಾನೂ ಕೇಳಬಲ್ಲೆ.

ಹಳೆಯ ರೇಡಿಯೊ:
ಯುದ್ಧದ ಮಾತು ಬಂದದ್ದರಿಂದ ಒಂದು ಮಾತು. 1944ರ ನವೆಂಬರಿನಲ್ಲಿ ಜರ್ಮನ್ನರು ರೋಟರ್‌ಡ್ಯಾಮಿನಲ್ಲಿ ಎರಡು ದಿನ ಮನೆಮನೆ ಜಾಲಾಡಿ 17ರಿಂದ 40ರೊಳಗಿನ ಸುಮಾರು 50,000 ಗಂಡಸರನ್ನು ದುಡಿಮೆಗೆ ಎಳೆದೊಯ್ದರು. ಅವರನ್ನು ಒಟ್ಟುಗೂಡಿಸಿದ ಜಾಗಗಳಲ್ಲಿ ದೆ ಕೌಪ್ ಕೂಡ ಒಂದು. ತಾವು ಗೋಲಿಗೆ ಕೂಗಿದ ಜಾಗದಲ್ಲೇ ಎಷ್ಟೋ ಜನ ರಾತ್ರಿ ಕಳೆದು ಸರಕಿನ ಹಾಗೆ ಸಾಗಿಹೋದರು. ಈ ಕಟ್ಟಡ ಬಿಟ್ಟು ಹೊಸದು ಕಟ್ಟೋಣ ಎಂದಾಗಲೆಲ್ಲ ಊರಿನವರು ಏಕೆ ಮೈಮೇಲೆ ಬರುತ್ತಾರೆ ಎಂಬುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ನದಿಯ ಅಂಚಿನಲ್ಲಿ ದೊಡ್ಡ ಕ್ರೀಡಾಂಗಣದ ಯೋಜನೆ ವರ್ಷಗಟ್ಟಲೆ ಎಳೆದಾಡಿ 2022ರಲ್ಲಿ ಬಿದ್ದುಹೋಯಿತು.

ಅಂಕಿಪ್ರಿಯ:
ಭಾವನೆ ಸರಿ, ಆದರೆ 47,000 ಆಸನದ ಹಳೆಯ ಬಾನಿಯಲ್ಲಿ ಕುಳಿತು ಇಂಗ್ಲೆಂಡಿನ ದುಡ್ಡಿನೊಂದಿಗೆ ಪೈಪೋಟಿ ನಡೆಸಲಾಗುವುದಿಲ್ಲ. ತರಬೇತುದಾರ ಆರ್ನೆ ಸ್ಲಾಟ್ 2023ರ ಪಟ್ಟ ಗೆದ್ದುಕೊಟ್ಟು ಮರುವರ್ಷ ಲಿವರ್‌ಪೂಲಿಗೆ ಹೋದ. ಒಳ್ಳೆಯವರನ್ನು ಬೆಳೆಸಿ ಕಳಿಸುವ ತವರುಮನೆಯಾಗಿಬಿಟ್ಟಿದೆ.

ಹೊಳೆದಂಡೆ:
ಅದನ್ನು ನಿಮ್ಮ ಅಯಾಕ್ಸ್‌ಗೂ ಹೇಳಬಹುದಲ್ಲ.

ಮೂಲೆಯೊದೆತ:
ಜಗಳ ಆಮೇಲೆ. ‘ದಂಡು’ ಎಂಬ ಹೆಸರು ಎಲ್ಲಿಂದ ಬಂತು? ನಾನು ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ಗಂಟಲು ಹರಿದುಕೊಂಡವನು. ಇಂಥ ವಿಷಯದಲ್ಲಿ ಆಸಕ್ತಿ.

ಹಳೆಯ ರೇಡಿಯೊ:
1963ಕ್ಕೆ ಹೋಗಬೇಕು. ಯುರೋಪಿಯನ್ ಕಪ್ಪಿನ ಸೆಮಿಫೈನಲ್, ಎದುರಿಗೆ ಯುಸೇಬಿಯೊನ ಬೆನ್‌ಫಿಕಾ. ರೋಟರ್‌ಡ್ಯಾಮಿನಲ್ಲಿ 0-0. ಮರುಪಂದ್ಯ ಲಿಸ್ಬನ್ನಿನಲ್ಲಿ. ಅಂದಿನ ದಿನಗಳಲ್ಲಿ ಆಟ ನೋಡಲು ಅಷ್ಟು ದೂರ ಹೋಗುವುದು ಕೂಲಿಕಾರರ ಕೆಲಸವಾಗಿರಲಿಲ್ಲ. ಆದರೆ ಬಂದರಿನ ಜನ ತಾನೆ, ಹಡಗು ಹಿಡಿದರು. ‘ಗ್ರೋಟೆ ಬೇರ್’ ಮತ್ತು ‘ವಾಟರ್‌ಮನ್’ ಎಂಬ ಎರಡು ಹಡಗು. ಅಲ್ಲಿಯವರೆಗೆ ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋಗುವ ಡಚ್ ಸಂಸಾರಗಳನ್ನು ಹೊತ್ತೊಯ್ಯುತ್ತಿದ್ದ ಹಡಗುಗಳು. ಕಣ್ಣೀರಿನ ಹಡಗಿಗೆ ಮೊದಲ ಸಲ ಬಾವುಟ, ಕಹಳೆ. ಲಿಸ್ಬನ್ನಿನಲ್ಲಿ 3-1 ಅಂತರದಲ್ಲಿ ಸೋತರು, ಅದೇ ಹಡಗಿನಲ್ಲಿ ವಾಪಸು ಬಂದರು. ದಂಡಿನ ಕೀರ್ತಿಗೆ ಬುನಾದಿ ಬಿದ್ದದ್ದು ಆ ಯಾತ್ರೆಯಲ್ಲಿ, ಅಂದರೆ ಸೋತು ಬಂದ ಯಾತ್ರೆಯಲ್ಲಿ.

ಮೂಲೆಯೊದೆತ:
ಬೆಂಗಳೂರಿನಿಂದ ಗೋವಾಕ್ಕೆ ರಾತ್ರಿ ಬಸ್ಸಿನಲ್ಲಿ ಹೋಗಿ ಸೋತು ಬಂದದ್ದು ನೆನಪಾಯಿತು. ಹಡಗಿನಲ್ಲಿ ಕಾಲು ಚಾಚಲಾದರೂ ಜಾಗವಿರುತ್ತಿತ್ತು.

ಅಂಕಿಪ್ರಿಯ:
ಭಾರತದ ನಂಟು ಇನ್ನೊಂದಿದೆ. 2014ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಡೆಲ್ಲಿ ಡೈನಮೋಸ್ ತಂಡ ಕೈಹಿಡಿದದ್ದು ಫೆಯೆನೋರ್ಡನ್ನೇ. ಹೆಚ್ಚು ಕಾಲ ಬಾಳಲಿಲ್ಲ.

ಕಹಿಬೇವು:
ಒಂದು ಪ್ರಶ್ನೆ, ಈ ಸಲ ಕುಟುಕಲು ಅಲ್ಲ. ರೋಟರ್‌ಡ್ಯಾಮಿನವರು ಮಾತು ಕಡಿಮೆ, ಕೆಲಸ ಹೆಚ್ಚು ಎಂದು ಎದೆ ತಟ್ಟಿಕೊಳ್ಳುತ್ತಾರಲ್ಲ, ಅದು ನಿಜವೇ? ಅಥವಾ ಅಂಗಿ ಮಾರಲು ಬರೆದದ್ದೇ?

ಹೊಳೆದಂಡೆ:
ಎರಡೂ. ‘ಮಾತಲ್ಲ, ಕೃತಿ’ ಎಂಬುದು ಕ್ಲಬ್ಬಿನ ಘೋಷಣೆ, ಲೋಟದ ಮೇಲೂ ಇದೆ, ಮಗುವಿನ ಎದೆಬಟ್ಟೆಯ ಮೇಲೂ ಇದೆ. ಆದರೆ ಅದಕ್ಕಿಂತ ಮೊದಲೇ ಇಲ್ಲಿ ಗಾದೆ ಇತ್ತು: ದುಡ್ಡು ದುಡಿಯುವುದು ರೋಟರ್‌ಡ್ಯಾಮಿನಲ್ಲಿ, ಹಂಚುವುದು ಹೇಗ್‌ನಲ್ಲಿ, ಉಡಾಯಿಸುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಂಗಡಿಯಲ್ಲಿ ಅಂಗಿ ಕೊಂಡರೆ ತೋಳು ಮಡಚಿಯೇ ಕೊಡುತ್ತಾರೆ ಎಂಬ ಚಟಾಕಿಯೂ ಇದೆ. ದಕ್ಷಿಣ ದಂಡೆಗೆ ಬಂದವರು ಬ್ರಬಾಂಟ್, ಝೀಲೆಂಡ್‌ಗಳ ಹೊಲಗದ್ದೆಗಳಿಂದ ಹಡಗುಕಟ್ಟೆಯ ಕೂಲಿಗೆ ಬಂದವರು. ನದಿಯಾಚೆಯ ಪಟ್ಟಣಿಗರು ಅವರನ್ನು ಹಳ್ಳಿಗಮಾರರು ಎಂದೇ ಕಂಡದ್ದು. ಆ ಉರಿ ಇನ್ನೂ ಆರಿಲ್ಲ.

ಮೇ 14ರ ವಿಷಯ ಹೇಳದೆ ಈ ಮಾತು ಮುಗಿಯುವುದಿಲ್ಲ. 1940ರ ಮೇ 14ರಂದು ಜರ್ಮನ್ ವಿಮಾನಗಳು ರೋಟರ್‌ಡ್ಯಾಮಿನ ನಡುಊರನ್ನು ಸುಟ್ಟು ಬಯಲು ಮಾಡಿದವು. ಸುಮಾರು 80,000 ಜನ ಬೀದಿಗೆ ಬಿದ್ದರು. ಕೋಲ್‌ಸಿಂಗಲ್ ಬೀದಿಯ ನಗರಸಭೆಯ ಕಟ್ಟಡ ಉಳಿಯಿತು. ಈಗ ಪಟ್ಟ ಗೆದ್ದ ತಂಡ ಜನರಿಗೆ ಕೈಬೀಸುವುದು ಅದೇ ಕಟ್ಟಡದ ಬಾಲ್ಕನಿಯಿಂದ.

2017ರಲ್ಲಿ ಪಟ್ಟಕ್ಕೆ ಒಂದೇ ಗೆಲುವು ಬಾಕಿ. ಮೇ 7ರಂದು ಇದೇ ಊರಿನ ಪುಟ್ಟ ಎಕ್ಸೆಲ್ಸಿಯೋರ್ ತಂಡದ ಎದುರು ಪಂದ್ಯ. ಬೀದಿಯಲ್ಲಿ ಜನ ಸೇರಿಯೇಬಿಟ್ಟಿದ್ದರು. 3-0 ಅಂತರದಲ್ಲಿ ಸೋತರು! ಹದಿನೆಂಟು ವರ್ಷ ಕಾದವರು ಇನ್ನೊಂದು ವಾರ ಕಾದರು. ಮುಂದಿನ ಭಾನುವಾರ ಹೆರಾಕ್ಲೀಸ್ ಎದುರು ನಾಯಕ ಡರ್ಕ್ ಕೌಟ್ ಮೊದಲ ನಿಮಿಷದಲ್ಲೇ ಗೋಲು ಹೊಡೆದ. ಇನ್ನೊಂದು ಹೊಡೆದ. ಕೊನೆಗೆ ಪೆನಾಲ್ಟಿಯಿಂದ ಮೂರನೆಯದು. 36 ವರ್ಷದ, ಮೀನುಗಾರರ ಊರಿನಿಂದ ಬಂದ ಆಳು. ಕೆಲವೇ ದಿನಗಳಲ್ಲಿ ನಿವೃತ್ತಿ ಘೋಷಿಸಿದ. ಆ ಭಾನುವಾರ ಮೇ 14. 2023ರಲ್ಲಿ ಗೋ ಅಹೆಡ್ ಈಗಲ್ಸ್ ತಂಡವನ್ನು ಸೋಲಿಸಿ ಪಟ್ಟ ಗೆದ್ದದ್ದೂ ಮೇ 14, ಅದೂ ಭಾನುವಾರ. ಪಕ್ಕದ ಮನೆಯ ಅಜ್ಜ ಅಂದು ಮಧ್ಯಾಹ್ನ ಬಾಂಬ್ ದಾಳಿಯ ಸ್ಮರಣೆಗೆ ಹೋಗಿ, ಅಲ್ಲಿಂದ ನೇರವಾಗಿ ಆಟಕ್ಕೆ ಬಂದಿದ್ದರು. ಕಪ್ಪು ಕೋಟಿನ ಮೇಲೆ ಕೆಂಪು ಬಿಳಿ ಶಾಲು.

ಕಹಿಬೇವು:
ಇದು ಗೊತ್ತಿರಲಿಲ್ಲ.

ಹಳೆಯ ರೇಡಿಯೊ:
ಮೇ ತಿಂಗಳು ಈ ಊರಿಗೆ ವಿಚಿತ್ರ. 2002ರ ಮೇ 6ರಂದು ರೋಟರ್‌ಡ್ಯಾಮಿನ ರಾಜಕಾರಣಿ ಪಿಮ್ ಫೋರ್ಟೌನ್ ಕೊಲೆಯಾದ. ಎರಡೇ ದಿನ ಬಿಟ್ಟು ದೆ ಕೌಪ್‌ನಲ್ಲೇ ಯುಇಎಫ್‌ಎ ಕಪ್ ಫೈನಲ್. ವಾನ್ ಹೋಯ್ಡೊಂಕ್‌ನ ಎರಡು, ಟೊಮಾಸನ್‌ನ ಒಂದು ಗೋಲಿನಿಂದ ಜರ್ಮನಿಯ ಡಾರ್ಟ್‌ಮುಂಡ್ ಎದುರು 3-2 ಗೆಲುವು. ಸ್ವಂತ ಮನೆಯಲ್ಲಿ ಯುರೋಪಿನ ಕಪ್, ಆದರೆ ಊರು ಸೂತಕದಲ್ಲಿತ್ತು. ನಗುವುದೋ ಅಳುವುದೋ ತಿಳಿಯದ ರಾತ್ರಿ.

ಮೂಲೆಯೊದೆತ:
ಅಕ್ಟೋಬರಿನಲ್ಲಿ ಕಚೇರಿ ಕೆಲಸಕ್ಕೆ ಆ ಕಡೆ ಬರುತ್ತಿದ್ದೇನೆ. ಟಿಕೆಟ್ ಸಿಗದಿದ್ದರೂ ವಸ್ತುಸಂಗ್ರಹಾಲಯ ನೋಡಬಹುದೇ? ಅಲ್ಲಿ ಸತ್ತ ಹಕ್ಕಿ ಇಟ್ಟಿದ್ದಾರೆ ಎಂದು ಯಾರೋ ಹೇಳಿದರು. ತಮಾಷೆಯೋ ಎಂದುಕೊಂಡೆ.

ಹೊಳೆದಂಡೆ:
ತಮಾಷೆಯಲ್ಲ. 1970ರ ನವೆಂಬರ್ 15, ಇದೇ ಊರಿನ ಸ್ಪಾರ್ಟಾ ಕ್ಲಬ್ಬಿನ ಮೈದಾನ. ಫೈನಲಿನಲ್ಲಿ ಕೂರಿಸಿದ್ದರಲ್ಲ, ಅದೇ ಎಡ್ಡಿ ಟ್ರೈಟೆಲ್, ಗೋಲ್ ಕಿಕ್ ಜೋರಾಗಿ ಒದ್ದ. ಮೇಲೆ ಹಾರುತ್ತಿದ್ದ ಕಡಲಹಕ್ಕಿಗೆ ಚೆಂಡು ಬಡಿದು ಅದು ಮೈದಾನಕ್ಕೆ ಬಿತ್ತು. ಆ ಹಕ್ಕಿಯನ್ನು ಹುಲ್ಲು ತುಂಬಿ ಗಾಜಿನೊಳಗೆ ನಿಲ್ಲಿಸಿದ್ದಾರೆ, ಕಪ್ಪುಗಳ ಜತೆಯಲ್ಲೇ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ನಾನು ಹೋದ ದಿನ ಒಬ್ಬ ಪುಟ್ಟ ಹುಡುಗ ಗಾಜಿಗೆ ಮೂಗು ಒತ್ತಿಕೊಂಡು ತುಂಬ ಹೊತ್ತು ನೋಡಿದ. ಆಮೇಲೆ ಅಪ್ಪನನ್ನು ಕೇಳಿದ, ‘ಇದು ಯಾರ ಕಡೆ ಆಡುತ್ತಿತ್ತು?’